ಬಾವಿ ನೀರಿನ ಕೆಂಪು ಕಲೆಗೆ ಆಸಿಡ್ ಬೇಕೇ ಬೇಕಾ?

ಪ್ರಶ್ನೆ (ಕುಮಟಾ): ಅಕ್ಕಾ, ನೀವು ಹೋಂಸ್ಟೇ ಕ್ಲೀನಿಂಗ್ ನೋಡಿಕೊಳ್ಳುತ್ತೀರಿ ಅಂತ ಕೇಳುತ್ತಿದ್ದೇನೆ. ಬಚ್ಚಲಲ್ಲಿ ನಲ್ಲಿಯ ಕೆಳಗೆ ಟೈಲ್ಸ್ ಮೇಲೆಲ್ಲ ಕೆಂಪು ಪಟ್ಟೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಇನ್ನೂ ಗಾಢವಾಯಿತು. ಆಸಿಡ್ ತರೋಣ ಅಂದರೆ ಹಿತ್ತಲಲ್ಲೇ ಬಾವಿ, ಸೆಪ್ಟಿಕ್ ಟ್ಯಾಂಕ್ ಎರಡೂ ಇವೆ.

ಉತ್ತರ (ಶಿರಸಿ): ಆಸಿಡ್ ಬೇಡ ತಂಗಿ. ಅದು ತುಕ್ಕು. ನಮ್ಮ ಕಡೆ ಚಿರೆಕಲ್ಲಿನ ನೆಲ, ಬಾವಿ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗಾಳಿ ತಾಗಿದರೆ ಕೆಂಪಾಗಿ ಕೂರುತ್ತದೆ. ಬ್ಲೀಚಿಂಗ್ ಪೌಡರ್ ಆ ತುಕ್ಕನ್ನು ಇನ್ನೂ ಗಟ್ಟಿ ಮಾಡುತ್ತದೆ.

ತುಕ್ಕಿಗೆ ಹುಳಿ ಬೇಕು. ಮೊದಲು ಬ್ಲೀಚಿಂಗ್ ಪೂರ್ತಿ ಹೋಗುವಂತೆ ಎರಡು ಮೂರು ಸಲ ನೀರು ಹಾಕಿ ತೊಳೆಯಿರಿ. ಅದು ಉಳಿದಲ್ಲಿ ಹುಳಿ ಬಿದ್ದರೆ ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಆಮೇಲೆ ಅರ್ಧ ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಅಡುಗೆಗೆ ಬಳಸುವ ಸಿಟ್ರಿಕ್ ಆಸಿಡ್ ಪುಡಿ) ಹಾಕಿ ಕರಗಿಸಿ. ಹಳೆ ಬಟ್ಟೆ ಅದ್ದಿ ಕಲೆಯ ಮೇಲೆ ಅಂಟಿಸಿ, ಅರ್ಧ ಗಂಟೆ ಬಿಟ್ಟು ಕತ್ತದ ನಾರಿನಿಂದ ತಿಕ್ಕಿ. ಹಳೆಯ ಕಲೆಗೆ ಇನ್ನೊಂದು ಸಲ ಬೇಕಾಗಬಹುದು. ಕಡಪ ಕಲ್ಲು, ಮಾರ್ಬಲ್, ಕೆಂಪು ಗಾರೆ ನೆಲಕ್ಕೆ ಮಾತ್ರ ಹುಳಿ ತಾಗಿಸಬೇಡಿ, ಹೊಳಪು ಹೋಗುತ್ತದೆ.

ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಅದರೊಳಗಿನ ಬ್ಯಾಕ್ಟೀರಿಯಾಗಳಿಂದ. ಆಸಿಡ್, ಬ್ಲೀಚಿಂಗ್ ವಾರವಾರ ಸುರಿದರೆ ಅವು ಸತ್ತು ಗುಂಡಿ ಬೇಗ ತುಂಬುತ್ತದೆ.

ಪ್ರಶ್ನೆ (ಅದೇ ತಂಗಿ): ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿದರೆ ಒಳ್ಳೆಯದು ಅಂತ ವಿಡಿಯೋದಲ್ಲಿ ನೋಡಿದೆ?

ಉತ್ತರ: ನೊರೆ ಚೆನ್ನಾಗಿ ಬರುತ್ತದೆ, ಅಷ್ಟೇ. ಒಂದನ್ನೊಂದು ಕೊಂದು ಉಳಿಯುವುದು ಬರೀ ಉಪ್ಪು ನೀರಿನಂಥದ್ದು. ಸಿಂಕ್ ಜಿಡ್ಡಿಗೆ ಸೋಡಾ, ತುಕ್ಕಿಗೆ ಹುಳಿ, ಬೇರೆ ಬೇರೆ ಹಾಕಿ.

ಪ್ರಶ್ನೆ (ಕಾರವಾರ): ಮಳೆಗಾಲದಲ್ಲಿ ಗೋಡೆಗೆ, ಕಪಾಟಿಗೆ ಬೂಸು ಬರುತ್ತದೆ ಅಲ್ವಾ, ಅದಕ್ಕೆ?

ಉತ್ತರ: ಒದ್ದೆ ಬಟ್ಟೆಯಲ್ಲಿ ಸಾಬೂನು ನೀರು ಹಚ್ಚಿ ಒರೆಸಿ, ಒಣಗಿಸಿ. ಒಣ ಪೊರಕೆಯಿಂದ ಹೊಡೆದರೆ ಮನೆಯೆಲ್ಲ ಹರಡುತ್ತದೆ. ಮತ್ತೆ ಬರದ ಹಾಗೆ ಕಪಾಟನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆಯಿರಿ, ಗಾಳಿ ಆಡಲಿ. ಗೋಡೆಗೆ ಸುಣ್ಣ ಬಳಿದರೆ ಬೂಸು ಕಡಿಮೆ.

ಪ್ರಶ್ನೆ (ಶಿರಸಿ): ನೆಲ ಒರೆಸಲು ಅಂಟುವಾಳ ಸಾಕಾ?

ಉತ್ತರ: ಸಾಕು. ಏಳೆಂಟು ಕಾಯಿಯ ಸಿಪ್ಪೆ ಒಂದು ಲೀಟರ್ ನೀರಲ್ಲಿ ಕುದಿಸಿ ಸೋಸಿ. ಕೆಂಪು ಗಾರೆ ನೆಲಕ್ಕೂ ತೊಂದರೆ ಇಲ್ಲ. ಎರಡು ದಿನಕ್ಕಿಂತ ಇಡಬೇಡಿ, ವಾಸನೆ ಬರುತ್ತದೆ. ಇನ್ನೊಂದು ಮಾತು, ನೈಸರ್ಗಿಕ ಅಂತ ಹೊಳೆಗೋ ಕೆರೆಗೋ ಚೆಲ್ಲಬೇಡಿ. ಅಂಟುವಾಳದ ನೊರೆ ಮೀನಿಗೆ ವಿಷ. ಅಡಿಕೆ ತೋಟದ ಮಣ್ಣಿಗೆ ಹಾಕಿ.