ಸೈನಸ್ ಸ್ಪ್ರೇ ಶುರು ಮಾಡಿದ ಮೇಲೆ ಬಲ ಮೂಗಲ್ಲಿ ಮಾತ್ರ ರಕ್ತ, ಯಾಕೆ?

ಕದ್ರಿ_ಗುಡ್ಡೆ:
ನಾಲ್ಕು ತಿಂಗಳ ಸೈನಸ್ಸಿಗೆ ಫ್ಲುಟಿಕಾಸೋನ್ ಸ್ಪ್ರೇ (ಮೂಗಿನೊಳಗಿನ ಊತ ಇಳಿಸುವ ಸ್ಟಿರಾಯ್ಡ್ ಮದ್ದು) ಮತ್ತು ಉಪ್ಪುನೀರಲ್ಲಿ ಮೂಗು ತೊಳೆಯಲು ಹೇಳಿದ್ದಾರೆ. ಮೂರು ವಾರ ಆಯ್ತು. ಈಗ ಬಲ ಹೊಳ್ಳೆಯಲ್ಲಿ ಮಾತ್ರ ಆಗಾಗ ರಕ್ತ. ಸ್ಪ್ರೇ ಬಿಡಬೇಕಾ? ತೊಳೆಯಲಿಕ್ಕೆ ಬಾವಿ ನೀರು ಆಗ್ತದಾ?

ಫಲ್ಗುಣಿ_ತೀರ:
ಬಲಗೈಯಲ್ಲೇ ಎರಡೂ ಕಡೆ ಹೊಡೆಯುತ್ತೀರಾ? ಹಾಗಾದರೆ ಕಾರಣ ಅದೇ ಇರಬಹುದು. ಬಲಗೈಯಲ್ಲಿ ಬಲ ಹೊಳ್ಳೆಗೆ ಹಾಕುವಾಗ ಮೊನೆ ಮೂಗಿನ ನಡುಗೋಡೆಗೆ ತಿರುಗುತ್ತದೆ. ಆ ಗೋಡೆಯ ಮುಂಭಾಗದಲ್ಲಿ ತೆಳು ಪೊರೆಯಡಿ ಸಣ್ಣ ರಕ್ತನಾಳಗಳ ಜಾಲವಿದೆ. ಮೂಗಿನ ರಕ್ತ ಹೆಚ್ಚಿನ ಸಲ ಬರುವುದು ಅಲ್ಲಿಂದಲೇ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ತಲೆ ತುಸು ಮುಂದಕ್ಕೆ ಬಗ್ಗಿಸಿ, ಮೊನೆ ಅದೇ ಬದಿಯ ಕಿವಿಯ ಕಡೆಗಿರಲಿ. ಜೋರಾಗಿ ಎಳೆದುಕೊಳ್ಳಬೇಡಿ, ಮದ್ದು ಗಂಟಲಿಗೆ ಇಳಿದುಹೋಗುತ್ತದೆ.

ಗಾಯ ಮಾಗಲು ಆ ಬದಿಗೆ ಕೆಲವು ದಿನ ಬಿಡುವು ಕೊಡಬಹುದಾ ಎಂದು ಡಾಕ್ಟರಲ್ಲಿ ಕೇಳಿ. ನೀವಾಗಿ ಪೂರ್ತಿ ನಿಲ್ಲಿಸಬೇಡಿ. 12 ವಾರ ದಾಟಿದ ಸೈನಸ್ಸಿಗೆ ದಿನವೂ ತಪ್ಪದೆ ಹಾಕಿದರಷ್ಟೇ ಇದರ ಗುಣ. ಬದಲಿಗೆ ಆಕ್ಸಿಮೆಟಾಜೊಲಿನ್ ಹನಿಗೆ ಕೈಹಾಕಬೇಡಿ. ಅದು ತಟ್ಟನೆ ಮೂಗು ಬಿಡಿಸುತ್ತದೆ ನಿಜ, ಆದರೆ 5 ದಿನ ಮೀರಿದರೆ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಉಡುಪಿ_ಮಠದಬೀದಿ:
ಬಾವಿ ನೀರಾಗಲಿ ನಳ್ಳಿ ನೀರಾಗಲಿ ಹಾಗೇ ಮೂಗಿಗೆ ಬೇಡವೇ ಬೇಡ. ಕುಡಿದರೆ ಏನೂ ಮಾಡದ ನೆಗ್ಲೇರಿಯಾ ಅಮೀಬಾ ಮೂಗಿನ ದಾರಿಯಲ್ಲಿ ಮೆದುಳಿಗೆ ಏರಿದರೆ ಜೀವ ಉಳಿಯುವುದೇ ಕಷ್ಟ. ಅಪರೂಪ, ಆದರೆ ಪಕ್ಕದ ಕೇರಳದಲ್ಲಿ ಆಗಿದೆ. ಕುದಿ ಬಂದ ಮೇಲೆ 1 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. 240 ಮಿಲಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ. ಮೊದಲು ತೊಳೆದು ಆಮೇಲೆ ಸ್ಪ್ರೇ. ಉಲ್ಟಾ ಮಾಡಿದರೆ ಮದ್ದೆಲ್ಲ ನೀರುಪಾಲು. ರಕ್ತ ಬಂದ ದಿನ ತೊಳೆಯಬೇಡಿ, ಹೆಪ್ಪು ಕಿತ್ತು ಬರುತ್ತದೆ.

ಕದ್ರಿ_ಗುಡ್ಡೆ:
ಹೌದು, ಎರಡೂ ಕಡೆಗೆ ಬಲಗೈಯೇ. ರಕ್ತ ಬಂದಾಗ ತಲೆ ಹಿಂದಕ್ಕೆ ಬಾಗಿಸಿ ನೆತ್ತಿಗೆ ತಣ್ಣೀರು ಹೊಯ್ಯುವುದು ಸರಿಯಾ?

ಫಲ್ಗುಣಿ_ತೀರ:
ಎರಡೂ ಬೇಡ ಮಾರಾಯ್ರೆ. ಕೂತು ಮುಂದಕ್ಕೆ ಬಾಗಿ, ಮೂಗಿನ ಎಲುಬಿನ ಕೆಳಗಿನ ಮೆತ್ತನೆ ಭಾಗವನ್ನು ಗಡಿಯಾರ ನೋಡಿ 10-15 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಬಿಟ್ಟು ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ. ಬಾಯಿಗೆ ಬಂದದ್ದನ್ನು ಉಗಿಯಿರಿ, ನುಂಗಿದರೆ ವಾಂತಿ. ಅರ್ಧ ಗಂಟೆಗೂ ನಿಲ್ಲದಿದ್ದರೆ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ; ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಅಷ್ಟು ಹೊತ್ತು ಕಾಯಬಾರದು. ಜ್ವರದ ಜೊತೆ ಬಂದರೆ ಡೆಂಗಿ ಇರಬಹುದು, ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ.

ಕೈ ಬದಲಿಸಿ ಎರಡು ವಾರವಾದರೂ ಬಲಬದಿಯಲ್ಲೇ ಬರುತ್ತಿದ್ದರೆ ಇಎನ್‌ಟಿಯವರಲ್ಲಿ ಎಂಡೋಸ್ಕೋಪಿ (ಮೂಗಿನೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡಿಸಿ, ಒಳಗೆ ಬೇರೇನಾದರೂ ಇದ್ದರೆ ಅದರಲ್ಲಿ ಕಾಣುತ್ತದೆ.