ತಂದೆಯವರ ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಬಹುದೇ?

ಬಸವನಗುಡಿಯವ:

ನಮಸ್ಕಾರ. ನಮ್ಮ ತಂದೆಯವರು 2005ರಲ್ಲಿ ಕೊಂಡಿದ್ದ ಕಂಪ್ಯೂಟರ್ ಕಳೆದ ತಿಂಗಳು ಪೂರ್ತಿ ನಿಂತುಹೋಯಿತು. ಈಗ ಗುಂಡಿ ಒತ್ತಿದರೆ ಫ್ಯಾನು ಕೂಡ ತಿರುಗುವುದಿಲ್ಲ. ಅದರೊಳಗಿನ 80 ಜಿಬಿ ಡಿಸ್ಕಿನಲ್ಲಿ ಅವರು ವರ್ಷಗಟ್ಟಲೆ ಕುಳಿತು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳೂ ಮನೆಯ ಫೋಟೋಗಳೂ ಇವೆ. ಡಿಸ್ಕನ್ನು ಬಿಚ್ಚಿ ನನ್ನ ವಿಂಡೋಸ್ 10 ಕಂಪ್ಯೂಟರಿಗೆ ಹಾಕಿದರೆ, ಅವರ ಹಳೆಯ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪು ಇದ್ದಂತೆಯೇ ತೆರೆದುಕೊಳ್ಳುತ್ತದೆಯೇ? ಅವರ ಆಸೆ ಅದು. ಆದರೆ ಡಿಸ್ಕಿನ ಹಿಂಬದಿಗೆ ಬರುವುದು ಅಂಗೈ ಅಗಲದ ಬೂದು ಪಟ್ಟಿಯಂತಹ ಕೇಬಲ್ಲು, ಅದು ಕೂರುವ ಜಾಗವೇ ನನ್ನ ಮದರ್‌ಬೋರ್ಡಿನಲ್ಲಿ ಕಾಣುತ್ತಿಲ್ಲ. ಒಂದು ಅಂಗಡಿಯಲ್ಲಿ ವಿಚಾರಿಸಿದರೆ, ಇದನ್ನೆಲ್ಲ ಈಗ ಯಾರು ಇಟ್ಟುಕೊಳ್ಳುತ್ತಾರೆ, ಬಿಸಾಡಿ ಎಂದರು.

ಹಳೇಬೋರ್ಡು:

ಬಿಸಾಡಬೇಡಿ. ಆದರೆ ಡೆಸ್ಕ್‌ಟಾಪು ಇದ್ದಂತೆಯೇ ತೆರೆಯುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ವಿಂಡೋಸ್ ಇನ್‌ಸ್ಟಾಲ್ ಆಗುವಾಗ ತಾನು ಕುಳಿತಿರುವ ಮದರ್‌ಬೋರ್ಡಿಗೆ ತಕ್ಕ ಡ್ರೈವರುಗಳನ್ನು (ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳನ್ನು) ಹಾಕಿಕೊಂಡಿರುತ್ತದೆ. ಬೇರೆ ಬೋರ್ಡಿನಲ್ಲಿ ಡಿಸ್ಕ್ ನಿಯಂತ್ರಕವೇ ಬೇರೆಯಾಗಿರುವುದರಿಂದ, ಎಕ್ಸ್‌ಪಿಗೆ ತಾನು ಯಾವ ಡಿಸ್ಕಿನಿಂದ ಏಳುತ್ತಿದ್ದೇನೋ ಆ ಡಿಸ್ಕೇ ಕಾಣದಂತಾಗಿ, 7ಬಿ ಎಂಬ ದೋಷಸಂಖ್ಯೆಯ ನೀಲಿ ಪರದೆ ಬಂದು ನಿಲ್ಲುತ್ತದೆ. ಇದಕ್ಕೂ ದಾರಿಗಳಿವೆ, ಆದರೆ ಪ್ರತಿ ಪ್ರಯತ್ನದಲ್ಲೂ ಹಳೆಯ ಡಿಸ್ಕಿನ ಮೇಲೆ ಹೊಸದಾಗಿ ಏನಾದರೂ ಬರೆಯಲ್ಪಡುತ್ತದೆ. ಅಷ್ಟು ಹಳೆಯ ಡಿಸ್ಕಿನಿಂದ ಓದಿಕೊಳ್ಳಬೇಕೇ ಹೊರತು ಅದರ ಮೇಲೆ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ನೀವು ಹೇಳುವುದು 40 ಪಿನ್ನಿನ, ಐಡಿಇ ಎಂಬ ಹಳೆಯ ಜೋಡಣೆಯ ಡಿಸ್ಕು. 2003ರಿಂದೀಚೆಗೆ ಬಂದ ಸಾಟಾ ಎಂಬ ಹೊಸ ಜೋಡಣೆ ನಿಧಾನವಾಗಿ ಇದನ್ನು ಹೊರದೂಡಿತು. ಈಗಿನ ಬೋರ್ಡುಗಳಲ್ಲಿ ಇದಕ್ಕೆ ಜಾಗವಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಐಡಿಇ ಮತ್ತು ಸಾಟಾ ಎರಡನ್ನೂ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರನ್ನು ಕೇಳಿ. ಜೊತೆಯಲ್ಲಿ ಪ್ರತ್ಯೇಕ ಪವರ್ ಅಡಾಪ್ಟರ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ: ಮೂರೂವರೆ ಇಂಚಿನ ಡಿಸ್ಕಿನ ಮೋಟರಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ವೋಲ್ಟ್ ಮಾತ್ರ.

ಜೋಡಿಸುವ ಮೊದಲು ಡಿಸ್ಕಿನ ಹಿಂಬದಿಯಲ್ಲಿ, ಡೇಟಾ ಪಿನ್ನುಗಳಿಗೂ ಪವರ್ ಸಾಕೆಟ್ಟಿಗೂ ನಡುವೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಜಂಪರ್ ಇರುತ್ತದೆ. ಒಂದೇ ಕೇಬಲ್ಲಿನ ಎರಡು ಡಿಸ್ಕುಗಳಲ್ಲಿ ಇದು ಮೊದಲನೆಯದೋ (ಮಾಸ್ಟರ್) ಎರಡನೆಯದೋ (ಸ್ಲೇವ್) ಎಂದು ತಿಳಿಸುವುದು ಅದೇ. ಅದು ಸ್ಲೇವ್ ಸ್ಥಾನದಲ್ಲಿದ್ದರೆ ಅನೇಕ ಅಡಾಪ್ಟರುಗಳು ಡಿಸ್ಕನ್ನು ಗುರುತಿಸುವುದಿಲ್ಲ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಚಿತ್ರವನ್ನು ನೋಡಿ ಮಾಸ್ಟರ್ ಸ್ಥಾನಕ್ಕೆ ಹಾಕಿ. ಕೆಲವು ಡಿಸ್ಕುಗಳಲ್ಲಿ ಒಂಟಿಯಾಗಿ ಬಳಸುವಾಗ ಜಂಪರನ್ನು ಪೂರ್ತಿ ತೆಗೆಯಬೇಕೆಂದೂ ಅಲ್ಲಿ ಬರೆದಿರುತ್ತದೆ. ಪಿನ್ನು ಬಾಗಿದರೆ ಕಷ್ಟ, ಆದ್ದರಿಂದ ಒರಟಾಗಿ ತುರುಕಬೇಡಿ. ಮೊದಲು ಡಿಸ್ಕಿಗೆ ಪವರ್ ಕೊಟ್ಟು, ಅದು ತಿರುಗುವ ಸದ್ದು ಒಂದೇ ಸಮವಾದ ಮೇಲೆ ಯುಎಸ್‌ಬಿ ಸಿಕ್ಕಿಸಿ.

ಟಕ್ ಟಕ್ ಎಂಬ ಸದ್ದು ಬಂದರೆ ಕೂಡಲೇ ಪವರ್ ತೆಗೆದು ಇಲ್ಲಿ ಬರೆಯಿರಿ. ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ.

ಜಯನಗರದ ಓದುಗ:

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಮಳೆಗಾಲದ ಸಂಜೆಯ ಹೊತ್ತು ಈ ಕೆಲಸಕ್ಕೆ ಕೂರಬೇಡಿ. ನಾನು ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿಯಿಂದ ಲ್ಯಾಪ್‌ಟಾಪು ನಡೆಯುತ್ತಲೇ ಇತ್ತು, ಗೋಡೆಯ ಪ್ಲಗ್ಗಿನಲ್ಲಿದ್ದ ಡಿಸ್ಕು ಮಾತ್ರ ನಿಂತಿತು. ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿಕೊಳ್ಳಿ.

ಬಸವನಗುಡಿಯವ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಅಡಾಪ್ಟರ್ ತಂದೆ. ಮೊದಲ ಸಲ ಡಿಸ್ಕ್ ಕಾಣಲೇ ಇಲ್ಲ, ಜಂಪರ್ ಸರಿಪಡಿಸಿದೊಡನೆ ಕಾಣಿಸಿತು. ಸದ್ದೇನೂ ಇಲ್ಲ. ಈಗ ಎರಡು ತೊಡಕುಗಳಿವೆ. ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗಿನ ತಂದೆಯವರ ಫೋಲ್ಡರ್ ತೆರೆಯಲು ನಿಮಗೆ ಅನುಮತಿಯಿಲ್ಲ ಎಂದು ಬರುತ್ತಿದೆ. ಹೊರಗಿದ್ದ ಒಂದೆರಡು ವರ್ಡ್ ಕಡತಗಳು ತೆರೆದವಾದರೂ ಅದರಲ್ಲಿ ಕನ್ನಡವೇ ಇಲ್ಲ: ಇಂಗ್ಲಿಷ್ ಅಕ್ಷರಗಳ ನಡುವೆ, ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಎಲ್ಲಿಯವೋ ಅಕ್ಷರಗಳು. ತಂದೆಯವರು ಅದನ್ನು ನೋಡಿ, ಎಲ್ಲ ಹೋಯಿತು ಎಂದು ಎದ್ದುಹೋದರು. ಕಡತಗಳು ಕೆಟ್ಟಿವೆಯೇ?

ಹಳೇಬೋರ್ಡು:

ಕೆಟ್ಟಿಲ್ಲ. ಮೊದಲನೆಯದು ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಇಡುವ ಪದ್ಧತಿಯ, ಅಂದರೆ ಎನ್‌ಟಿಎಫ್‌ಎಸ್‌ನ, ಅನುಮತಿಗಳ ವಿಷಯ. ಆ ಫೋಲ್ಡರಿನ ಒಡೆತನ ಹಳೆಯ ಯಂತ್ರದಲ್ಲಿದ್ದ ಖಾತೆಯ ಹೆಸರಿನಲ್ಲಿದೆ, ನಿಮ್ಮ ವಿಂಡೋಸಿಗೆ ಆ ಖಾತೆ ಯಾರೆಂದು ತಿಳಿಯದು. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ಸೆಕ್ಯುರಿಟಿ, ಅಲ್ಲಿಂದ ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಹೆಸರನ್ನು ನಿಮ್ಮದಕ್ಕೆ ಬದಲಿಸಿ, ಒಳಗಿನ ಎಲ್ಲದಕ್ಕೂ ಅನ್ವಯಿಸಿ. ಇದು ಡಿಸ್ಕಿನ ಮೇಲೆ ಬರೆಯುವ ಕೆಲಸವೇ ಎಂಬುದು ನಿಜ, ಬರೆಯಬಾರದು ಎಂದವನೇ ನಾನು. ಹಾಗೆ ಬೇಡವಾದರೆ ಲಿನಕ್ಸ್ ಎಂಬ ಬೇರೆ ಕಾರ್ಯವ್ಯವಸ್ಥೆಯನ್ನು ಇನ್‌ಸ್ಟಾಲ್ ಮಾಡದೆಯೇ ನಡೆಸುವ ಲೈವ್ ಯುಎಸ್‌ಬಿಯಿಂದ ಕಂಪ್ಯೂಟರನ್ನು ಎಬ್ಬಿಸಿ ಡಿಸ್ಕನ್ನು ಓದಲು ಮಾತ್ರ ತೆರೆಯಿರಿ, ಅಲ್ಲಿ ಈ ಅನುಮತಿಯ ಗೋಡೆ ಅಡ್ಡ ಬರುವುದಿಲ್ಲ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ. ಕಡತದ ಹೆಸರು ಹಸಿರು ಬಣ್ಣದಲ್ಲಿದ್ದರೆ ಮಾತ್ರ ಚಿಂತೆ, ಏಕೆಂದರೆ ಅದು ಗೂಢಲಿಪಿಯಲ್ಲಿದೆ ಎಂದರ್ಥ, ಹಳೆಯ ಖಾತೆಯ ಕೀಲಿಯಿಲ್ಲದೆ ತೆರೆಯದು.

ಅಕ್ಷರದ ವಿಷಯವನ್ನು ಬಲ್ಲವರು ಹೇಳಲಿ.

ಅರ್ಕಾವತ್ತು:

ಹಳೆಯ ನುಡಿ ಕಡತಗಳು ಯೂನಿಕೋಡಿನವಲ್ಲ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಈಗಿನ ಪದ್ಧತಿಯವಲ್ಲ. ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪವನ್ನು ತೊಡಿಸುತ್ತಿದ್ದುದು ಫಾಂಟು. ನಿಮ್ಮ ಯಂತ್ರದಲ್ಲಿ ಆ ಫಾಂಟಿಲ್ಲ, ಹಾಗಾಗಿ ಒಳಗಿನ ಅಂಗಿ ಕಾಣುತ್ತಿದೆ, ಅಷ್ಟೇ. ನುಡಿ ತಂತ್ರಾಂಶವನ್ನು ಹಾಕಿಕೊಂಡು ಕಡತವನ್ನು ಮತ್ತೆ ತೆರೆದರೆ ಲೇಖನ ಎಂದಿನಂತೆ ಓದಲು ಸಿಗುತ್ತದೆ. ತಂದೆಯವರನ್ನು ಕರೆದು ತೋರಿಸಿ.

ಮುಂದೆ ಮೊಬೈಲಿನಲ್ಲೂ ಓದಬೇಕು, ಹುಡುಕಬೇಕು ಎಂದಾದರೆ ಯೂನಿಕೋಡಿಗೆ ಪರಿವರ್ತಿಸಿ, ಆದರೆ ಮೂಲ ಕಡತವನ್ನು ಉಳಿಸಿಕೊಂಡೇ ಮಾಡಿ. ಪರಿವರ್ತಕಗಳು ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುವುದುಂಟು. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸಬೇಕು.

ಬಸವನಗುಡಿಯವ:

ಲಿನಕ್ಸಿನಿಂದ ಎಲ್ಲವನ್ನೂ ಹೊರಗೆ ತೆಗೆದಿದ್ದೇನೆ, ಹಸಿರು ಹೆಸರಿನ ಕಡತಗಳು ಮೊದಲೇ ಇರಲಿಲ್ಲ. ಎರಡು ಪ್ರತಿ ಮಾಡಿ, ಒಂದನ್ನು ತಂಗಿಯ ಮನೆಯಲ್ಲಿಟ್ಟಿದ್ದೇನೆ. ನುಡಿ ಹಾಕಿದ ಮೇಲೆ ಅಕ್ಷರಗಳು ಬಂದವು. ತಂದೆಯವರು ಹಳೆಯ ಡೆಸ್ಕ್‌ಟಾಪಿನ ಮಾತನ್ನು ಈಗ ಎತ್ತುತ್ತಿಲ್ಲ. ಪರಿವರ್ತನೆಯಾದ ಲೇಖನಗಳನ್ನು ಪ್ರಿಂಟ್ ತೆಗೆಸಿಕೊಂಡು, ಕೆಟ್ಟ ಇಂಗ್ಲಿಷ್ ಪದಗಳ ಜೊತೆಗೆ ತಮ್ಮ ಅಂದಿನ ವಾಕ್ಯಗಳನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಾರೆ.