ಆರ್‌ಎಕ್ಸ್ 100: ಏರ್ ಫಿಲ್ಟರ್ ಬಾಕ್ಸ್ ತೆಗೆದು ಓಪನ್ ಫಿಲ್ಟರ್ ಹಾಕಿಸಬಹುದಾ?

ಪ್ರಶ್ನೆ (ಕಾಪುವಿನಿಂದ ಒಬ್ಬರು ಸದಸ್ಯೆ)

ಅಣ್ಣಾ, ನಮಸ್ಕಾರ. ಅಪ್ಪನ 1992ರ ಯಮಹಾ ಆರ್‌ಎಕ್ಸ್ 100 ಈಗ ನನ್ನ ಕೈಯಲ್ಲಿದೆ. ಕಾಪುವಿನಿಂದ ಉಡುಪಿಗೆ ಕೆಲಸಕ್ಕೆ ಅದರಲ್ಲೇ ಹೋಗಿ ಬರುತ್ತೇನೆ. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಬೇಗ ಇಳಿಯುವುದಿಲ್ಲ. ಹೈವೇಯಲ್ಲಿ ಪೂರ್ತಿ ಕೊಟ್ಟರೆ ಸ್ವಲ್ಪ ಹೊತ್ತಿಗೆ ಯಾರೋ ಹಿಂದಿನಿಂದ ಹಿಡಿದ ಹಾಗೆ ಆಗುತ್ತದೆ.

ಸೈಡ್ ಕವರ್ ತೆಗೆದು ನೋಡಿದೆ. ಫಿಲ್ಟರ್ ಬಾಕ್ಸಿನಿಂದ ಕಾರ್ಬರೇಟರಿಗೆ ಬರುವ ರಬ್ಬರ್ ಒಡೆದಿದೆ. ಬಾಕ್ಸಿನ ಮುಚ್ಚಳದ ಒಂದು ಕಿವಿ ಮುರಿದಿದೆ, ಯಾರೋ ತಂತಿ ಕಟ್ಟಿದ್ದಾರೆ. ಒಳಗಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ, "ಈ ಬಾಕ್ಸ್ ಈಗ ಸಿಗುವುದಿಲ್ಲ, ತೆಗೆದು ಬಿಸಾಡಿ, ಕೋನ್ ಫಿಲ್ಟರ್ ಹಾಕುವ, ಪಿಕಪ್ಪೂ ಜಾಸ್ತಿ ಆಗ್ತದೆ" ಎಂದರು. ಬಾಕ್ಸಿಲ್ಲದ ಆ ಓಪನ್ ಫಿಲ್ಟರ್ ಹಾಕಿಸಲಾ? 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಪಂಪನ್ನು ಅಪ್ಪ ಇರುವಾಗಲೇ ತೆಗೆಸಿದ್ದರು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುತ್ತೇನೆ.

ಉತ್ತರ (ಮೆಕ್ಯಾನಿಕ್, ಸುರತ್ಕಲ್)

ತಂಗಿ, ಬಾಕ್ಸ್ ಬಿಸಾಡಬೇಡಿ. ಮುರಿದದ್ದಾದರೂ ಸರಿ, ಇಟ್ಟುಕೊಳ್ಳಿ. ಮತ್ತೆ ಈ ರಬ್ಬರ್ ಸರಿಯಾಗುವವರೆಗೆ ಹೈವೇಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಬೇಡಿ. ಇದನ್ನು ಮೊದಲು ಹೇಳಲು ಕಾರಣ ನಿಮ್ಮ ಕೊನೆಯ ಮಾತು. ಪಂಪ್ ಇದ್ದ ಗಾಡಿಯಲ್ಲಿ ಪೆಟ್ರೋಲ್ ಕಮ್ಮಿಯಾದರೂ ಆಯಿಲ್ ಬೇರೆ ದಾರಿಯಲ್ಲಿ ಬರುತ್ತದೆ. ನಿಮ್ಮದರಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್. ಪೆಟ್ರೋಲ್ ಕಮ್ಮಿ ಆಯಿತೆಂದರೆ ಆಯಿಲೂ ಕಮ್ಮಿ. ಎಂಜಿನ್ ಬಿಸಿ ಏರುವ ಹೊತ್ತಿಗೇ ಆಯಿಲ್ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ನಿಮಗೆ "ಹಿಡಿದ ಹಾಗೆ" ಅನ್ನಿಸುವುದು ಅದರ ಶುರುವೇ ಇರಬಹುದು.

ನೀವು ಹೇಳಿದ ಎರಡು ಲಕ್ಷಣವೂ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದಾಗ ಬರುವಂಥವು. ಈ ಗಾಡಿಯಲ್ಲಿ ಕಾರ್ಬರೇಟರಿನ ಹಿಂದೆ ಒಂದು ರಬ್ಬರ್, ಮುಂದೆ ಒಂದು ರಬ್ಬರ್. ನೀವು ನೋಡಿದ್ದು ಹಿಂದಿನದು, ಬಾಕ್ಸ್ ಕಡೆಯದು. ಅದು ಒಡೆದರೆ ಧೂಳು ಸೋಸದೆ ಒಳಗೆ ಹೋಗುತ್ತದೆ, ಸಿಲಿಂಡರ್ ಸವೆಯುತ್ತದೆ. ಆದರೆ ರೇಸ್ ಇಳಿಯದಿದ್ದರೆ ನನಗೆ ಮೊದಲು ಅನುಮಾನ ಬರುವುದು ಮುಂದಿನದರ ಮೇಲೆ. ಎಂಜಿನ್ನಿಗೂ ಕಾರ್ಬರೇಟರಿಗೂ ನಡುವೆ, ರೀಡ್ ವಾಲ್ವಿನ (ಗಾಳಿಯನ್ನು ಒಳಗೆ ಮಾತ್ರ ಬಿಡುವ ತೆಳು ಎಲೆಗಳ ವಾಲ್ವ್) ಬಾಯಿಗೆ ಬೋಲ್ಟ್ ಹಾಕಿ ಕೂರಿಸಿದ್ದು. ಅಲ್ಲಿ ನುಗ್ಗುವ ಗಾಳಿ ಕಾರ್ಬರೇಟರಿನ ಒಳಗೆ ಬಂದದ್ದೇ ಅಲ್ಲ. ಹಾಗಾಗಿ ಅದಕ್ಕೆ ಪೆಟ್ರೋಲ್ ಸೇರುವುದೇ ಇಲ್ಲ.

ಕಂಡುಹಿಡಿಯುವುದು ಸುಲಭ. ಎಂಜಿನ್ ಬಿಸಿ ಮಾಡಿ ಐಡ್ಲಿಂಗಲ್ಲಿ ಬಿಡಿ. ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇರುತ್ತದಲ್ವಾ, ಅದರಲ್ಲಿ ಬರೀ ನೀರು ತುಂಬಿ ಮುಂದಿನ ರಬ್ಬರಿನ ಸುತ್ತ ಒಂದೊಂದೇ ಕಡೆ ಹೊಡೆಯಿರಿ. ಯಾವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಸದ್ದು ಬದಲಾಗುತ್ತದೋ ಸೀಳು ಅಲ್ಲಿದೆ. ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ. ಸೈಲೆನ್ಸರ್ ಬಿಸಿ ಇರುವಾಗ ಅದು ಬೇಡವೇ ಬೇಡ.

ನೀರಿನಲ್ಲಿ ಏನೂ ಗೊತ್ತಾಗದಿದ್ದರೆ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಸುಮ್ಮನೆ ಮೇಲಿಂದ ಕಂಡರೆ ಚೆನ್ನಾಗಿಯೇ ಇರುತ್ತದೆ. ಎರಡು ಹೆಬ್ಬೆರಳಿನಿಂದ ಬಾಯಿ ಹಿಗ್ಗಿಸಿ, ಬೆಳಕಿನ ಕಡೆಗೆ ತಿರುಗಿಸಿ. ಆಗ ಬುಡದಲ್ಲಿ, ರಬ್ಬರ್ ಲೋಹಕ್ಕೆ ಅಂಟಿದ ಗೆರೆಯಲ್ಲಿ, ಏಪ್ರಿಲ್ ತಿಂಗಳ ಬೈಲು ಗದ್ದೆಯ ಹಾಗೆ ಸೀಳು ಬಾಯಿ ಬಿಡುತ್ತದೆ. ಮುವತ್ತು ವರ್ಷದ ರಬ್ಬರ್, ಇನ್ನೇನಾಗಬೇಕು ಹೇಳಿ.

ಇದಕ್ಕೆ ಎಂ-ಸೀಲ್, ಸೈಕಲ್ ಟ್ಯೂಬ್, ಸೆಲ್ಲೋ ಟೇಪ್ ಯಾವುದೂ ನಿಲ್ಲುವುದಿಲ್ಲ. ಎರಡೂ ರಬ್ಬರ್ ಹೊಸದು ಹಾಕಿ. ಈ ಗಾಡಿ ತಯಾರಾಗುವುದು ನಿಂತದ್ದು 1996ರಲ್ಲಿ, ಆದರೂ ರಬ್ಬರ್ ಸಾಮಾನು ಇವತ್ತಿಗೂ ಸಿಗುತ್ತದೆ. ತೆಗೆದುಕೊಳ್ಳುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಒಳಗಿನ ತೂತಿನ ಅಳತೆ, ಬೋಲ್ಟಿನ ತೂತು ಎರಡೂ ಹೊಂದಬೇಕು. ಕಮ್ಮಿ ಬೆಲೆಯದರ ಲೋಹದ ಮುಖ ಸಪಾಟಾಗಿರುವುದಿಲ್ಲ. ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಇಟ್ಟು ಆ ಮುಖವನ್ನು ಗುಂಡಗೆ ತಿಕ್ಕಿ ನೋಡಿ. ಎಲ್ಲ ಕಡೆ ಒಂದೇ ತರಹ ಹೊಳಪು ಬಂದರೆ ಸಪಾಟು ಎಂದರ್ಥ. ಪ್ಯಾಕಿಂಗ್ ಹೊಸದೇ ಇರಲಿ. ಬೋಲ್ಟನ್ನು ಒಂದು ಕಡೆಯಿಂದ ಪೂರ್ತಿ ಬಿಗಿ ಮಾಡಬೇಡಿ, ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ರಬ್ಬರ್ ಬಿಚ್ಚಿದಾಗ ರೀಡ್ ವಾಲ್ವನ್ನೂ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಎಲೆಗಳು ಚಪ್ಪಟೆಯಾಗಿ ಕೂತಿರಬೇಕು, ಸಂದಿಯಲ್ಲಿ ಬೆಳಕು ಕಾಣಬಾರದು.

ಇಷ್ಟೆಲ್ಲ ಆಗುವವರೆಗೆ ಕಾರ್ಬರೇಟರಿನ ಸ್ಕ್ರೂ ಮುಟ್ಟಲು ಯಾರಿಗೂ ಬಿಡಬೇಡಿ. ಗಾಳಿ ಸೋರುವ ಗಾಡಿಯನ್ನು ಟ್ಯೂನ್ ಮಾಡಿದರೆ ಸೋರಿಕೆ ಹಾಗೇ ಉಳಿಯುತ್ತದೆ, ಟ್ಯೂನಿಂಗೂ ಕೆಡುತ್ತದೆ.

ಇನ್ನು ಕೋನ್ ಫಿಲ್ಟರ್ ವಿಷಯ. ಕಂಪನಿಯವರು ಜೆಟ್ಟಿನ (ಕಾರ್ಬರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ಸಾಮಾನು) ನಂಬರ್ ಆರಿಸಿದ್ದು ಆ ಬಾಕ್ಸಿನ ಲೆಕ್ಕ ಹಿಡಿದು. ಬಾಕ್ಸಿನ ಸಣ್ಣ ಬಾಯಿ ಗಾಳಿಯನ್ನು ಇಷ್ಟೇ ಎಂದು ತಡೆಯುತ್ತದೆ. ಒಳಗಿನ ಖಾಲಿ ಜಾಗ ಎಂಜಿನ್ ಎಳೆಯುವ ಜರ್ಕಿಗೆ ಗಾಳಿಯನ್ನು ಶಾಂತವಾಗಿ ಕೊಡುತ್ತದೆ. ಬಾಕ್ಸ್ ತೆಗೆದರೆ ಗಾಳಿ ಸಲೀಸಾಗಿ ನುಗ್ಗುತ್ತದೆ, ಪೆಟ್ರೋಲ್ ಮಾತ್ರ ಹಳೇ ಲೆಕ್ಕದ್ದೇ ಬರುತ್ತದೆ. ಅಂದರೆ ಈಗ ನೀವು ಕಳೆದುಕೊಳ್ಳಲು ನೋಡುತ್ತಿರುವ ತೊಂದರೆಯನ್ನೇ ದುಡ್ಡು ಕೊಟ್ಟು ಹಾಕಿಸಿದ ಹಾಗೆ. ಪಿಕಪ್ ಜಾಸ್ತಿ ಆಯಿತು ಎಂದು ಅನ್ನಿಸುವುದು ಹೆಚ್ಚಾಗಿ ಸದ್ದು ಜಾಸ್ತಿ ಆದದ್ದಕ್ಕೆ.

ಅದರ ಮೇಲೆ ನಮ್ಮ ಊರು ನೋಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನಿನಲ್ಲಿ 66ರ ಹೈವೇಯಲ್ಲಿ ಬಸ್ಸು ಹಾರಿಸುವ ನೀರು ನಿಮ್ಮ ಮೊಣಕಾಲಿಗೆ ಹೊಡೆಯುತ್ತದೆ. ಕೋನ್ ಫಿಲ್ಟರ್ ಇರುವುದು ಅದೇ ಎತ್ತರದಲ್ಲಿ. ಒದ್ದೆಯಾದ ಫಿಲ್ಟರ್ ಉಸಿರು ಕಟ್ಟಿಸುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಮಳೆ ಹೋದ ಮೇಲೆ ಮುರಕಲ್ಲಿನ ಕೆಂಪು ಧೂಳು. ಕಡಲ ಪಕ್ಕ ಇರುವವರಿಗೆ ಉಪ್ಪಿನ ಗಾಳಿ ಬೇರೆ. ಕಾರ್ಬರೇಟರಿನ ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ ಕೂತು, ಆಕ್ಸಿಲರೇಟರಿಗೆ ತಕ್ಕ ಹಾಗೆ ಒಳಗೆ ಮೇಲೆ ಕೆಳಗೆ ಹೋಗುವ ಸ್ಲೈಡ್ ಹಿಡಿಯುತ್ತದೆ. ಬಾಕ್ಸ್ ಇದ್ದರೆ ಇದೆಲ್ಲ ಎಷ್ಟೋ ಕಮ್ಮಿ.

ಮುಚ್ಚಳದ ಕಿವಿ ಮುರಿದದ್ದು ದೊಡ್ಡ ಸಂಗತಿ ಅಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರು ಬಂಪರ್ ಕೆಲಸದ ಜೊತೆಗೆ ಇದನ್ನೂ ಮಾಡಿ ಕೊಡುತ್ತಾರೆ. ಬಿರುಕಿಗೆ ಎಂ-ಸೀಲ್ ಹಾಕುವುದಾದರೆ ಹೊರಗಿನಿಂದ ಮಾತ್ರ ಹಾಕಿ. ಒಳಗೆ ಹಾಕಿದ್ದು ಒಣಗಿ ಕಳಚಿದರೆ ನೇರ ಕಾರ್ಬರೇಟರಿಗೆ ಹೋಗುತ್ತದೆ. ಸಾಧ್ಯವಾದರೆ ಗುಜರಿಯಲ್ಲಿ ಒರಿಜಿನಲ್ ಬಾಕ್ಸ್ ಹುಡುಕಿ. ನನ್ನನ್ನು ಕೇಳಿದರೆ ಹೊಸ ಡುಪ್ಲಿಕೇಟಿಗಿಂತ ಹಳೇ ಒರಿಜಿನಲ್ ಒಳ್ಳೆಯದು, ಮುಚ್ಚಳ ಸರಿಯಾಗಿ ಕೂರುತ್ತದೆ.

ಫೋಮ್ ಹೊಸದು ಹಾಕಿ. ಒಣ ಫೋಮ್ ಹಾಗೇ ಹಾಕಬಾರದು. ಎಂಜಿನ್ ಆಯಿಲಿನಲ್ಲಿ ಅದ್ದಿ, ಅಂಗೈ ನಡುವೆ ಇಟ್ಟು ಒತ್ತಿ ಹಿಂಡಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ಹರಿಯುತ್ತದೆ. ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಆಯಿಲ್ ಇದ್ದರೇ ಸಣ್ಣ ಧೂಳು ಅದಕ್ಕೆ ಅಂಟುವುದು.

ಪ್ರತಿಕ್ರಿಯೆ (ಮಂಗಳೂರು, ಕಂಕನಾಡಿಯಿಂದ)

ಅಣ್ಣಾ, ನನ್ನ ಆರ್‌ಎಕ್ಸ್ 135ಕ್ಕೆ ಕೋನ್ ಫಿಲ್ಟರ್ ಹಾಕಿ ದೊಡ್ಡ ಮೈನ್ ಜೆಟ್ ಹಾಕಿಸಿದ್ದೇನೆ. ಚೆನ್ನಾಗಿಯೇ ಓಡುತ್ತಿದೆಯಲ್ಲ. ಟಾಪಲ್ಲಿ ಏನೂ ತೊಂದರೆ ಇಲ್ಲ. ನಲವತ್ತು ಐವತ್ತರಲ್ಲಿ ಮಾತ್ರ ಸ್ವಲ್ಪ ಜರ್ಕ್.

ಉತ್ತರ

ಸರಿ ಮಾರಾಯ್ರೆ, ಜೆಟ್ ಬದಲಿಸಿದ್ದೀರಲ್ಲ, ಅದು ಒಳ್ಳೆಯದಾಯಿತು. ಬದಲಿಸದೆ ಓಡಿಸುವವರೇ ಜಾಸ್ತಿ. ಆದರೆ ಮೈನ್ ಜೆಟ್ ಕೆಲಸ ಮಾಡುವುದು ಮುಕ್ಕಾಲು ಆಕ್ಸಿಲರೇಟರಿನಿಂದ ಮೇಲೆ. ಕಂಕನಾಡಿಯಿಂದ ಹಂಪನಕಟ್ಟೆಗೆ ಹೋಗುವಾಗ ಅಷ್ಟು ಕೊಡಲು ಜಾಗ ಎಲ್ಲಿದೆ? ನೀವು ಓಡಿಸುವುದೆಲ್ಲ ಕಾಲಿನಿಂದ ಮುಕ್ಕಾಲಿನ ಒಳಗೆ. ಅಲ್ಲಿ ಲೆಕ್ಕ ಇರುವುದು ನೀಡ್ಲಿನದ್ದು, ಆಕ್ಸಿಲರೇಟರ್ ಕೊಟ್ಟಾಗ ಮೇಲೇರಿ ಪೆಟ್ರೋಲಿಗೆ ದಾರಿ ಬಿಡುವ ಸೂಜಿ. ನೀಡ್ಲಿನ ತಲೆಯಲ್ಲಿ ಗೆರೆಗಳಿವೆ, ಒಂದರಲ್ಲಿ ಸಣ್ಣ ಕ್ಲಿಪ್ ಇದೆ. ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿದರೆ ನೀಡ್ಲ್ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಅದನ್ನು ಮಾಡಿ ನೋಡಿ.

ಆಮೇಲೆ ಪ್ಲಗ್ ನೋಡಿ. ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಹೋಗಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಂದು ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ಪೆಟ್ರೋಲ್ ಇನ್ನೂ ಸಾಲದು. ಕಪ್ಪಾಗಿ ಒದ್ದೆ ಇದ್ದರೆ ಜಾಸ್ತಿಯಾಯಿತು. ಐಡ್ಲಿಂಗಲ್ಲಿ ಐದು ನಿಮಿಷ ಬಿಟ್ಟು ಆಮೇಲೆ ನೋಡಿದ ಪ್ಲಗ್ ಏನನ್ನೂ ಹೇಳುವುದಿಲ್ಲ. ಮತ್ತೆ ಬಾಕ್ಸ್ ಮನೆಯಲ್ಲಿ ಇದ್ದರೆ ಮಳೆಗಾಲಕ್ಕಾದರೂ ಹಾಕಿ. ಹಾಕಿದಾಗ ಜೆಟ್ಟೂ ನೀಡ್ಲೂ ಹಳೆಯದಕ್ಕೆ ತರಬೇಕು.

ಪ್ರತಿಕ್ರಿಯೆ (ಕಾರ್ಕಳದಿಂದ)

ನಮ್ಮ ಮನೆಯಲ್ಲಿ 1973ರ ಬುಲೆಟ್ 350 ಇದೆ. ರಬ್ಬರ್, ಫಿಲ್ಟರ್ ಎಲ್ಲ ಹೊಸದು. ಆದರೂ ಈಗೀಗ ಮಿಸ್ಸಿಂಗ್, ಕಾರ್ಬರೇಟರಿನಿಂದ ಪಟ್ ಅಂತ ಸದ್ದು. ಎಥನಾಲ್ ಪೆಟ್ರೋಲಿನಿಂದ ಅನ್ನುತ್ತಾರೆ, ಹೌದಾ? ಮತ್ತೆ ವಿಂಟೇಜ್ ನೋಂದಣಿ ಮಾಡಿಸಬೇಕೆಂದಿದ್ದೇನೆ. ಫಿಲ್ಟರ್ ಬದಲಿಸಿದರೆ ಅಡ್ಡಿಯಾ?

ಉತ್ತರ

ಹೌದು, ಅದೂ ಇರಬಹುದು. ಬರೀ ಪೆಟ್ರೋಲಾದರೆ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 20 ಶೇಕಡ ಎಥನಾಲ್ ಸೇರಿದರೆ 13.5ರ ಹತ್ತಿರ ಸಾಕು. ನಿಮ್ಮ ಜೆಟ್ ಇರುವುದು ಹಳೇ ಲೆಕ್ಕಕ್ಕೆ. ಹಾಗಾಗಿ ಏನೂ ಬದಲಿಸದೆಯೇ ಗಾಳಿ ಜಾಸ್ತಿ ಆದ ಹಾಗಾಗುತ್ತದೆ. ನೀಡ್ಲ್ ಕ್ಲಿಪ್ ಒಂದು ಗೆರೆ ಕೆಳಗೆ, ಅದಕ್ಕೂ ಸರಿಯಾಗದಿದ್ದರೆ ಮೈನ್ ಜೆಟ್ ಒಂದು ನಂಬರ್ ದೊಡ್ಡದು. ಬುಲೆಟ್ಟಿನಲ್ಲಿ ಟ್ಯಾಪೆಟ್ಟನ್ನೂ ಇಗ್ನಿಷನ್ ಪಾಯಿಂಟನ್ನೂ ಮೊದಲು ನೋಡಿ, ಅವೆರಡೂ ಇದೇ ತರಹದ ಸದ್ದು ಕೊಡುತ್ತವೆ.

ಹಳೇ ರಬ್ಬರಿಗೂ ಎಥನಾಲ್ ಆಗುವುದಿಲ್ಲ. ಪೆಟ್ರೋಲ್ ಪೈಪ್, ಫ್ಲೋಟ್ ಪಿನ್ನಿನ ತುದಿ, ಓ-ರಿಂಗ್ ಎಲ್ಲ ಎಥನಾಲ್ ತಡೆಯುವಂಥದ್ದೇ ಕೇಳಿ ಹಾಕಿ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ನೀರಿಗೇನು ಬರಗಾಲ? ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬರೇಟರಿನ ಬಟ್ಟಲು ಖಾಲಿ ಮಾಡಿ ಇಡಿ.

ವಿಂಟೇಜ್ ನಿಯಮ ಬಂದದ್ದು 2021ರಲ್ಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಫಿಲ್ಟರ್ ಸಾಮಾನು ಸವೆದಾಗ ಹಾಕುವಂಥದ್ದು, ಅದನ್ನು ಯಾರೂ ದೊಡ್ಡ ಬದಲಾವಣೆ ಅನ್ನಲಿಕ್ಕಿಲ್ಲ. ಆದರೂ ಫಿಲ್ಟರ್ ಕೂರುವ ಪಕ್ಕದ ಡಬ್ಬಿ ಒರಿಜಿನಲ್ಲೇ ಇರಲಿ. ಒಂದು ಮಾತು, ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಷ್ಟಕ್ಕೇ. ಪೇಟೆಗೆ ಹೋಗಲು ಅದೇ ಬುಲೆಟ್ ಬೇಕು ಎಂದಿದ್ದರೆ ಯೋಚನೆ ಮಾಡಿ.

ಪ್ರತಿಕ್ರಿಯೆ (ಹೆಬ್ರಿಯಿಂದ)

ಆಗುಂಬೆ ಘಾಟಿ ಹತ್ತುವಾಗ ಗಾಡಿ ಕಟ್ಟಿದ ಹಾಗೆ ಆಗುವುದೂ ಇದೇ ಗಾಳಿಯ ತೊಂದರೆಯಾ?

ಉತ್ತರ

ಅಲ್ಲ, ಅಲ್ಲಿ ಉಲ್ಟಾ. ಮೇಲೆ ಹೋದಷ್ಟೂ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಆದ ಹಾಗೆ. ಆದರೆ ಆಗುಂಬೆಯ ಎತ್ತರಕ್ಕೆ ಒಳ್ಳೆಯ ಗಾಡಿಯಲ್ಲಿ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಗೊತ್ತಾಗುತ್ತಿದ್ದರೆ ಫಿಲ್ಟರ್ ಧೂಳು ತುಂಬಿದೆಯಾ ನೋಡಿ, ಕ್ಲಚ್ ಜಾರುತ್ತಿದೆಯಾ ನೋಡಿ.

ಮತ್ತೆ ಕಾಪುವಿನ ಸದಸ್ಯೆ

ಅಣ್ಣಾ, ನೀವು ಹೇಳಿದ್ದೇ ಸರಿ. ಮುಂದಿನ ರಬ್ಬರ್ ಕೆಳಬದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಮೇಲಿಂದ ಕಾಣುತ್ತಲೇ ಇರಲಿಲ್ಲ. ಎರಡೂ ಹೊಸದು ಹಾಕಿಸಿದೆ, ಬಾಕ್ಸ್ ವೆಲ್ಡಿಂಗ್ ಆಯಿತು. ರೇಸ್ ಈಗ ಬಿಟ್ಟ ಕೂಡಲೇ ಇಳಿಯುತ್ತದೆ. ಐಡ್ಲಿಂಗ್ ಮಾತ್ರ ಕಮ್ಮಿಯಾಗಿ ಆಫ್ ಆಗುತ್ತದೆ. ಆಯಿಲ್ ಎಷ್ಟು ಬೆರೆಸಲಿ? ಫೋಮ್ ಯಾವಾಗ ತೊಳೆಯಲಿ?

ಉತ್ತರ

ಬಹಳ ಸಂತೋಷ ತಂಗಿ. ಆಫ್ ಆಗುವುದು ಯಾಕೆಂದರೆ, ಸೋರಿಕೆ ಇದ್ದಾಗ ಯಾರೋ ಐಡ್ಲಿಂಗ್ ಸ್ಕ್ರೂ ಇಳಿಸಿರುತ್ತಾರೆ. ಈಗ ಕಾರ್ಬರೇಟರ್ ಮುಟ್ಟಬಹುದು. ಎಂಜಿನ್ ಬಿಸಿ ಇರುವಾಗ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಒತ್ತಬೇಡಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಆಚೀಚೆ ಕಾಲು ಸುತ್ತು ತಿರುಗಿಸಿ ಸದ್ದು ಎಲ್ಲಿ ಸಮ ಆಗುತ್ತದೋ ಅಲ್ಲಿ ನಿಲ್ಲಿಸಿ. ಈ ಕಾರ್ಬರೇಟರಿನಲ್ಲಿ ಅದು ಗಾಳಿಯ ಸ್ಕ್ರೂ, ಹೊರಗೆ ತಂದಷ್ಟೂ ಗಾಳಿ ಜಾಸ್ತಿ. ಆಮೇಲೆ ಐಡ್ಲಿಂಗ್ ಸ್ಕ್ರೂ ಏರಿಸಿ. ಇಷ್ಟು ಮಾಡಿದ ಮೇಲೂ ರೇಸ್ ಮತ್ತೆ ಇಳಿಯದೆ ನಿಂತರೆ ನನಗೆ ಬರೆಯಿರಿ, ಆಗ ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್ನಿನ ಒಳಗಿನ ಶಾಫ್ಟಿನ ಬದಿಯಲ್ಲಿ ಗಾಳಿ ತಡೆಯುವ ರಬ್ಬರ್, ನೋಡಬೇಕಾಗುತ್ತದೆ.

ಆಯಿಲ್ ಲೀಟರಿಗೆ 25 ಎಂಎಲ್, ಒಳ್ಳೆಯ 2ಟಿ ಆಯಿಲ್. ಬಂಕಿನಲ್ಲಿ ಅಂದಾಜಿಗೆ ಸುರಿಯಬೇಡಿ, ಸಣ್ಣ ಅಳತೆ ಬಾಟಲಿ ಡಿಕ್ಕಿಯಲ್ಲೋ ಬ್ಯಾಗಲ್ಲೋ ಇಟ್ಟುಕೊಳ್ಳಿ.

ಫೋಮನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ, ನೀರು ಇಳಿದಿದ್ದರೆ ಆಗಲೇ ತೊಳೆಯಿರಿ. ಬೇಸಿಗೆಯಲ್ಲಿ ರಸ್ತೆ ಕೆಲಸ ನಡೆಯುವ ಕಡೆ ಓಡಾಟ ಇದ್ದರೆ ಅದಕ್ಕೂ ಬೇಗ. ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ. ಪೆಟ್ರೋಲಿನಲ್ಲಿ ಬೇಡ. ನೆರಳಿನಲ್ಲಿ ಒಣಗಿಸಿ, ಮತ್ತೆ ಆಯಿಲ್ ಹಚ್ಚಿ ಹಾಕಿ. ಮುಚ್ಚಳ ಹಾಕುವ ಮೊದಲು ಬಾಕ್ಸಿನ ತಳಕ್ಕೆ ಬೆರಳು ಹಾಕಿ ನೋಡಿ. ಮರಳೋ ಕೆಂಪು ಹುಡಿಯೋ ಕೈಗೆ ಬಂದರೆ ಫೋಮ್ ಅಂಚಿನಲ್ಲಿ ಸರಿಯಾಗಿ ಕೂತಿಲ್ಲ.